ಡ್ರಮ್ ಸೆಟ್ ಅಂದರೆ ಏನು, ಯಾರಾದರೂ ಹೇಳಿ

"ಬರ್ತನ್ ಲೇನೇ ಆಯೇ ಹೋ ಕ್ಯಾ?" ಅಂದ ಮುಂಬೈಯ ಆ ವಾದ್ಯದಂಗಡಿಯವ, ಮಗಳಿಗೆ ಡ್ರಮ್ ಸೆಟ್ ಕೊಳ್ಳಲು ಹೋದಾಗ. ಪಾತ್ರೆ ಕೊಳ್ಳಲು ಬಂದದ್ದಾ ಅಂತ. ನನ್ನ ಮಗಳ ಎದುರು. ಮಧ್ಯಾಹ್ನ ಮೂರಕ್ಕೆ ನಡೆದದ್ದು. ಈಗ ರಾತ್ರಿ ಹನ್ನೊಂದೂವರೆ, ಊಟ ಸೇರಲಿಲ್ಲ, ಕಿವಿಯಲ್ಲಿ ಅದೇ ಮಾತು.

ನಾನು ಕೇಳಿದ್ದರಲ್ಲಿ ತಪ್ಪೇನಿತ್ತು ಹೇಳಿ. ಸಿಂಬಲ್, ಅಂದರೆ ಡ್ರಮ್ಮಿನ ಜೊತೆ ಬಾರಿಸುವ ಲೋಹದ ತಟ್ಟೆ, ಹಿತ್ತಾಳೆಯದ್ದಾ, ಕಂಚಿನದ್ದಾ ಅಂತ ಕೇಳಿದೆ. ಕೇಳಲೇಬೇಕಾದ ಪ್ರಶ್ನೆ ಅದು. ಅಗ್ಗದ ಸಿಂಬಲ್ ಹೆಚ್ಚಾಗಿ ಹಿತ್ತಾಳೆಯದ್ದೇ. ಹೊಡೆದರೆ ಡಬ್ಬಿ ಮುಚ್ಚಳ ಬಿದ್ದ ಹಾಗೆ ಸದ್ದು, ನಾದ ಉಳಿಯುವುದೇ ಇಲ್ಲ. ಕಂಚಿನಲ್ಲೂ ಶೇ. 8 ತವರ ಇರುವುದು ಒಂದು ಬಗೆ, ಶೇ. 20 ಇರುವುದು ಇನ್ನೊಂದು. ಆ ಎರಡನೆಯದರ ಬೆಲೆ ನಮ್ಮಂಥವರಿಗಲ್ಲ. ಲೆಕ್ಕವೆಲ್ಲ ಮಗಳ ಮಾಷ್ಟ್ರು ಹೇಳಿಕೊಟ್ಟದ್ದು, ಆದರೆ ಕಂಚಿನ ನಾದ ಯಾವುದು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಜ್ಜ ಮೇಳದಲ್ಲಿ ಚೆಂಡೆ ಬಾರಿಸುತ್ತಿದ್ದರು. ಭಾಗವತರ ಜಾಗಟೆ ಕೇಳುತ್ತ ರಂಗಸ್ಥಳದ ಬದಿಯಲ್ಲೇ ನಿದ್ದೆ ಮಾಡಿ ಬೆಳೆದವ ನಾನು.

ಅಂಥ ಪ್ರಶ್ನೆಗೆ ಅವನು ನಕ್ಕ. ಪಕ್ಕದಲ್ಲಿ ಗಿಟಾರ್ ಹೆಗಲಿಗೇರಿಸಿ ನಿಂತಿದ್ದ ಹುಡುಗನ ಮುಖ ನೋಡಿ ನಕ್ಕ. ಆ ಹುಡುಗನೂ ನಕ್ಕ.

ಮಗಳು ಆಗ ಸ್ಟೂಲಿನ ಮೇಲೆ ಕೂತಿದ್ದಳು. ಮೊದಲು ಕೂತು ನೋಡು, ತೊಡೆ ಸ್ವಲ್ಪ ಕೆಳಮುಖವಾಗಿರಬೇಕು, ಪೆಡಲಿಗೆ ಕಾಲು ಸಲೀಸಾಗಿ ಸಿಗಬೇಕು ಅಂತ ಮಾಷ್ಟ್ರು ಹೇಳಿದ್ದರು. ಅವಳು ಚೀಲದಿಂದ ತನ್ನ ಕೋಲು ತೆಗೆದಳು. 5ಎ ಅಳತೆಯ ಕೋಲು, ಹಿಡಿಯುವಲ್ಲಿ ಕೆಂಪು ಟೇಪ್ ಸುತ್ತಿದ್ದು. ಹೈ-ಹ್ಯಾಟ್ ಅಂದರೆ ಒಂದರ ಮೇಲೊಂದು ಕೂರುವ ಜೋಡಿ ಸಿಂಬಲ್, ಅದರ ಮೇಲೆ ಒಂದೇ ಒಂದು ಸಲ, ಚಿಕ್ ಅಂತ ಮೆಲ್ಲಗೆ ಮುಟ್ಟಿಸಿದಳು. ಅಂಗಡಿಯವ ದಡಬಡ ಬಂದು ಎರಡೂ ತಟ್ಟೆಯನ್ನು ಮುಷ್ಟಿಯಲ್ಲಿ ಅದುಮಿದ. ಸದ್ದು ಅಲ್ಲೇ ಸತ್ತಿತು. ಆಮೇಲೆ ಅವಳ ಕೈಯಿಂದ ಕೋಲು ಕಿತ್ತು ಕೌಂಟರಿನ ಮೇಲಿಟ್ಟ. "ಲೇನಾ ಹೈ ತೋ ಹಾಥ್ ಲಗಾವೋ." ಕೊಳ್ಳುವುದಿದ್ದರೆ ಮುಟ್ಟಿ ಅಂತ. ಆ ಕೋಲು ಅವನದ್ದಲ್ಲ ಮಾರಾಯ್ರೆ, ನಮ್ಮದು! ಎಂಟು ತಿಂಗಳಿಂದ ಅವಳು ದಿನಾ ರಬ್ಬರ್ ಪ್ಯಾಡಿನ ಮೇಲೆ ಬಾರಿಸುತ್ತಿರುವ ಕೋಲು.

ಹದಿಮೂರು ವರ್ಷದ ಹುಡುಗಿ. ಅಳಲಿಲ್ಲ. ಎದ್ದು ನಿಂತು ಫ್ರಾಕಿಗೆ ಕೈ ಒರೆಸಿಕೊಂಡಳು, ಏನೋ ಕೊಳಕು ಮುಟ್ಟಿದವಳ ಹಾಗೆ.

ನಾನೇನು ಮಾಡಿದೆ? "ಸಾರಿ ಭಾಯ್" ಅಂದೆ. ಯಾಕೆ ಅಂದೆ? ಹೊಟೇಲಿನ ಗಲ್ಲೆಯಲ್ಲಿ ಹತ್ತೊಂಬತ್ತು ವರ್ಷ ಕೂತು ಬಾಯಿಗೆ ಅದೇ ರೂಢಿಯಾಗಿದೆ. ತಪ್ಪು ಯಾರದೇ ಇರಲಿ, ಸಾರಿ ನಮ್ಮದು. ಇದಕ್ಕೆ ನನ್ನನ್ನು ನಾನೇ ಕ್ಷಮಿಸುವುದಿಲ್ಲ.

ಇನ್ನು ಹಣದ ವಿಷಯ. ಬೋರ್ಡಿನಲ್ಲಿ "5 ಪೀಸ್ ಕಂಪ್ಲೀಟ್ ಡ್ರಮ್ ಸೆಟ್ 27,900" ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಚೀಟಿ ಎತ್ತಿದ ಹಣ 32,000 ಜೇಬಿನಲ್ಲಿತ್ತು. ಅವನು ಬಿಲ್ ಬರೆಯಲು ಕೂತ. ಸಿಂಬಲ್ 11,000. ಸ್ಟ್ಯಾಂಡ್ 5,500. ಕೂರುವ ಸ್ಟೂಲ್ 2,800. ಪೆಡಲ್ 2,200. ಒಟ್ಟು 49,400. ಹಾಗಾದರೆ ಕಂಪ್ಲೀಟ್ ಅಂದರೆ ಏನು? ಐದು ಪೀಸ್ ಅಂದರೆ ಬೇಸ್ ಡ್ರಮ್, ಸ್ನೇರ್, ಎರಡು ಟಾಮ್, ಒಂದು ಫ್ಲೋರ್ ಟಾಮ್, ಇಷ್ಟೇ. ಎಣಿಕೆಯಲ್ಲಿ ಸಿಂಬಲ್ ಬರುವುದೇ ಇಲ್ಲ. ಲೋಕದ ರೂಢಿಯೇ ಹಾಗಂತೆ, ಒಪ್ಪಿದೆ. ಬರೇ ಡ್ರಮ್ಮುಗಳನ್ನಷ್ಟೇ ಮಾರುವ ಕಂಪನಿಗಳೂ ಇವೆ, ಅದೂ ಗೊತ್ತು. ಆದರೆ ಮೊದಲ ಸಲ ಕೊಳ್ಳುವವನಿಗೆ ಅದನ್ನು ಬೋರ್ಡಿನಲ್ಲೇ ಹೇಳಬೇಕೋ ಬೇಡವೋ? ಬೇಸ್ ಡ್ರಮ್ಮನ್ನು ಬಾರಿಸುವುದೇ ಕಾಲಿನ ಪೆಡಲಿನಿಂದ, ಅದಿಲ್ಲದೆ ತಲೆಯಿಂದ ಗುದ್ದಬೇಕಾ? ನಾವು ಇಡ್ಲಿ ತಟ್ಟೆ ಇಟ್ಟು ಚಟ್ನಿ ಸಾಂಬಾರಿಗೆ ಬೇರೆ ಬಿಲ್ ಕೊಟ್ಟರೆ ಗಿರಾಕಿ ಸುಮ್ಮನಿರುತ್ತಾನಾ? ಯಾರಾದರೂ ಉತ್ತರ ಕೊಡಿ. ಅಂಗಡಿಯವರಾದರೂ ಸರಿ, ಬಾರಿಸುವವರಾದರೂ ಸರಿ.

ಆಮೇಲೆ ಅವನೇ, "ಬಿಲ್ಡಿಂಗ್‌ನಲ್ಲಿರುವವರಾ? ಎಲೆಕ್ಟ್ರಾನಿಕ್ ತಗೊಳ್ಳಿ" ಅಂದ. ರಬ್ಬರ್ ಪ್ಯಾಡಿನದ್ದು, ಹೆಡ್‌ಫೋನಿನಲ್ಲಿ ಕೇಳುತ್ತ ಬಾರಿಸುವಂಥದ್ದು. ಜಾಲರಿ ಬಟ್ಟೆಯ ಮೆಶ್ ಹೆಡ್ ಇರುವುದು ಕೇಳಿದರೆ ಅದರ ಬೆಲೆ ಇನ್ನೂ ಮೇಲೆ. ಹೆಡ್‌ಫೋನ್ ಹಾಕಿಕೊಂಡರೂ ಪೆಡಲ್ ಗುದ್ದು ನೆಲಕ್ಕೆ ಇಳಿದು ಕೆಳಗಿನ ಮನೆಯವರ ತಲೆಗೆ ಬೀಳುತ್ತದೆ. ಅದನ್ನು ಅವನು ಹೇಳಲಿಲ್ಲ, ನನಗೆ ಗೊತ್ತಿತ್ತು. ನಮಗೆ ಜಾಗದ ಚಿಂತೆ ಇಲ್ಲ. ಹೊಟೇಲಿನ ಹಿಂದೆ ಈರುಳ್ಳಿ ಚೀಲ ಇಡುವ ಕೋಣೆಯನ್ನು ಧಣಿಗಳು ಮಧ್ಯಾಹ್ನ ಮೂರರಿಂದ ಐದರವರೆಗೆ ಬಿಟ್ಟುಕೊಡುತ್ತಾರೆ. ಅದನ್ನೆಲ್ಲ ಹೇಳಲು ಅವನು ಬಿಟ್ಟರಲ್ಲವೇ!

"ಪಪ್ಪಾ, ಹೋಗುವ" ಅಂದಳು. ದಾದರಿನಿಂದ ಡೊಂಬಿವಲಿವರೆಗೆ ಒಂದು ಮಾತಿಲ್ಲ. ಲೋಕಲ್‌ನಲ್ಲಿ ಕೂತರೆ ಮೊಣಕಾಲ ಮೇಲೆ ಬೆರಳಲ್ಲಿ ತಾಳ ಹಾಕದಿದ್ದರೆ ಅವಳಿಗೆ ಆಗುವುದಿಲ್ಲ. ಇವತ್ತು ಎರಡೂ ಕೈ ಕಂಕುಳಲ್ಲಿ. ಗಣಪತಿಗೆ ರಸ್ತೆ ತುಂಬ ಢೋಲ್-ತಾಶಾ ಬಾರಿಸುವ ಊರಿದು. ಇಲ್ಲಿ ನನ್ನ ಮಗಳ ಒಂದು ಚಿಕ್ ಅವನ ಅಂಗಡಿಗೆ ಭಾರವಾಯಿತು.

ಆ ಅಂಗಡಿ ಮೆಟ್ಟಿಲು ಇನ್ನು ಹತ್ತುವುದಿಲ್ಲ. ಆದರೆ ನಮ್ಮ ಕೈಗೆಟಕುವ ಬೆಲೆಯ ಪಾಪ್ಲರ್ ಮರದ ಸೆಟ್ ನಾನು ತಿರುಗಿದ ಕಡೆಗಳಲ್ಲೆಲ್ಲ ಇದ್ದದ್ದು ಅಲ್ಲೊಂದೇ. ಮುಂದಿನ ತಿಂಗಳು ಇನ್ನೊಂದು ಚೀಟಿ ಬಂದರೆ ತಲೆ ತಗ್ಗಿಸಿ ಅಲ್ಲಿಗೇ ಹೋಗಬೇಕಾದೀತು. ಅವಳಿಗಾಗಿ ಹೋಗುತ್ತೇನೆ. ಇಲ್ಲ, ಹೋಗುವುದಿಲ್ಲ. ಅವಳೇ ಬರಲಿಕ್ಕಿಲ್ಲ.

ಠಾಣೆ, ಡೊಂಬಿವಲಿ, ಕಲ್ಯಾಣ ಕಡೆ ಯಾರ ಮನೆಯಲ್ಲಾದರೂ ಹಳೆ ಸೆಟ್ ಸುಮ್ಮನೆ ಬಿದ್ದಿದ್ದರೆ ಹೇಳಿ. ಮೇಲೆ ಗೀರು ಬಿದ್ದಿದ್ದರೆ ಅಡ್ಡಿ ಇಲ್ಲ, ಹೆಡ್, ಅಂದರೆ ಕೋಲು ಬೀಳುವ ಹೊದಿಕೆ, ಹರಿದಿದ್ದರೆ ನಾವೇ ಬದಲಿಸಿಕೊಳ್ಳುತ್ತೇವೆ. ಹೆಡ್ ಕೂರುವ ಮರದ ಅಂಚು ಸರಿ ಇರಬೇಕು, ಶೆಲ್, ಅಂದರೆ ಡ್ರಮ್ಮಿನ ಮೈ, ದುಂಡಗಿರಬೇಕು, ಸಿಂಬಲ್ ಬಿರುಕು ಬಿಟ್ಟಿರಬಾರದು. 32,000 ಒಳಗೆ, ಪೆಡಲ್ ಸ್ಟೂಲ್ ಎಲ್ಲ ಸೇರಿ. ನೋಡಲು ಬಂದಾಗ ಹುಡುಗಿಗೆ ಐದು ನಿಮಿಷ ಕೂತು ಬಾರಿಸಲು ಬಿಡಬೇಕು. ಕೋಲು ಅವಳೇ ತರುತ್ತಾಳೆ.