ವೈಫೈ ಐಪ್ಯಾಡ್ ಸಾಕು ಅಂತೀರಾ? ನನಗೆ ಸಾಕಾಗಲಿಲ್ಲ
ಸರ್, ವಿಮಾನದಲ್ಲಿ ನಕ್ಷೆ ನೋಡಲು ಖಾಸಗಿ ಪೈಲಟ್‌ಗಳು ದುಡ್ಡು ಉಳಿಸಲು ವೈಫೈ ಐಪ್ಯಾಡ್ ತಗೊಂಡರೂ ಸಾಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ಅಲ್ಲೇ ನನ್ನ ತಕರಾರು. ನಕ್ಷೆಯಲ್ಲಿ ನಾವು ಎಲ್ಲಿದ್ದೇವೆ ಅಂತ ತೋರಿಸಲು ಬೇಕಾದ ಜಿಪಿಎಸ್ ಚಿಪ್ಪೇ ಬರೀ ವೈಫೈ ಇರುವ ಐಪ್ಯಾಡ್‌ನಲ್ಲಿ ಇರುವುದಿಲ್ಲ. ಸೆಲ್ಯುಲಾರ್ ಮಾಡೆಲ್‌ನಲ್ಲಿ ಇರುತ್ತದೆ, ಸಿಮ್ ಹಾಕದಿದ್ದರೂ ಅದು ನಡೆಯುತ್ತದೆ. ಜಕ್ಕೂರಿನಲ್ಲಿ ಹಾರಾಟ ಕಲಿಯುವಾಗ ಇದು ಗೊತ್ತಿಲ್ಲದೆ ವೈಫೈದು ತಗೊಂಡೆ, ಆಮೇಲೆ ಬ್ಲೂಟೂತ್ ಜಿಪಿಎಸ್ ಡಬ್ಬಿ ಬೇರೆ ಕೊಳ್ಳಬೇಕಾಯಿತು, ಅದನ್ನು ಚಾರ್ಜ್‌ಗೆ ಹಾಕಲು ಮರೆತ ದಿನ ಕಥೆ ಮುಗಿಯಿತು ಅಂತಲೇ ಲೆಕ್ಕ.

ಸೈಜಿಗೆ ಐಪ್ಯಾಡ್ ಮಿನಿಯೇ ಸರಿ. 8.3 ಇಂಚು, ತೊಡೆಗೆ ಕಟ್ಟಿಕೊಂಡರೆ ಕೈಗೆ ಅಡ್ಡ ಬರುವುದಿಲ್ಲ.

ಬಿಸಿಲಿನ ವಿಷಯ ನೀವು ಎತ್ತಲೇ ಇಲ್ಲ. ಆಪಲ್‌ನವರೇ 35 ಡಿಗ್ರಿ ಒಳಗೆ ಬಳಸಿ ಅನ್ನುತ್ತಾರೆ. ಮಡಿಕೇರಿ ಚಳಿಯಲ್ಲಿ ಕೂತವರಿಗೆ ನಗು ಬರಬಹುದು, ಆದರೆ ಮಾರ್ಚ್ ಬಿಸಿಲಲ್ಲಿ ಕಾಕ್‌ಪಿಟ್ ಗಾಜಿನ ಕೆಳಗೆ ಇಡುವುದು ಅಂದರೆ ಕಣದಲ್ಲಿ ಕಾಫಿ ಒಣಗಿಸಿದ ಹಾಗೇ. ನನ್ನದು ಒಮ್ಮೆ ಗಾಳಿಯಲ್ಲಿರುವಾಗಲೇ ನಕ್ಷೆ ಹೋಗಿ, ತಣ್ಣಗಾಗಲಿ ಅನ್ನುವ ಸೂಚನೆ ಮಾತ್ರ ಉಳಿಯಿತು. ಕಪ್ಪು ಕವರ್ ಬೇರೆ ಹಾಕಿದ್ದೆ, ನನ್ನದೇ ಬುದ್ಧಿ!

ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟವೇ 1,748 ಮೀಟರ್, ಮಂಜು ಮುಚ್ಚಿದರೆ ಕಾಣುವುದೇ ಇಲ್ಲ. ಅಂಥ ಹೊತ್ತಲ್ಲಿ ಐಪ್ಯಾಡ್ ಕೈಕೊಟ್ಟರೆ ಅಂತ ಕಾಗದದ ಚಾರ್ಟ್, ಅಂದರೆ ಹಾರಾಟದ ನಕ್ಷೆ, ಈಗಲೂ ನನ್ನ ಬ್ಯಾಗಿನಲ್ಲಿದೆ.