ನಾನು ಆಗ್ಲೇ ಹೇಳಿದ್ದೆ

ಸೋಲುವುದಕ್ಕೆಂದೇ ದುಡ್ಡು ಕೊಡುವ ಜಾಗಗಳು ಲೋಕದಲ್ಲಿ ಬೇಕಾದಷ್ಟಿವೆ. ಕುದುರೆ ರೇಸಿದೆ, ಜಾತ್ರೆಯಲ್ಲಿ ಸೋಪಿನ ಮೇಲೆ ರಿಂಗ್ ಎಸೆಯುವ ಅಂಗಡಿಯಿದೆ. ಅಲ್ಲೆಲ್ಲ ಗೆಲ್ಲಬಹುದೆಂಬ ಆಸೆಯನ್ನಾದರೂ ತೋರಿಸುತ್ತಾರೆ. ಟೋಕಿಯೊದಲ್ಲಿ ನಾವು ಆರು ಜನ ಸೇರಿ ಹೋದದ್ದು ಒಂದು ಗಂಟೆಯೊಳಗೆ ಒಗಟು ಬಿಡಿಸಿ ತಪ್ಪಿಸಿಕೊಳ್ಳಬೇಕಾದ ಆಟಕ್ಕೆ, ಅಲ್ಲಿ ಆ ಮುಚ್ಚುಮರೆಯೂ ಇರಲಿಲ್ಲ. ವೇದಿಕೆಯ ಮೇಲಿದ್ದ ಹುಡುಗಿ ನಗುನಗುತ್ತಲೇ, ಹತ್ತು ಮೇಜಿಗೆ ಒಂದು ಮೇಜಿನವರು ತಪ್ಪಿಸಿಕೊಂಡರೆ ಹೆಚ್ಚು ಎಂದಳು. ನೂರಾರು ಜನ ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. ಮಿಕ್ಕ ಒಂಬತ್ತು ಮೇಜು ಬೇರೆ ಯಾರದೋ ಎಂಬ ಧೈರ್ಯ.

ಹಿಂದಿನ ದಿನ ಫೋನಿನಲ್ಲಿ ಅಮ್ಮನಿಗೆ ಇದನ್ನು ವಿವರಿಸಲು ಹೋಗಿ ಮೊದಲ ಸೋಲು ಅಲ್ಲೇ ಆಗಿತ್ತು. "ದುಡ್ಡು ಕೊಟ್ಟು ಕೂಡಿಹಾಕಿಸ್ಕೊಳ್ಳೋದು, ಆಮೇಲೆ ಹೊರಗೆ ಬರೋಕೆ ಒದ್ದಾಡೋದು. ಸಾಯಂಕಾಲ ಸಿಲ್ಕ್ ಬೋರ್ಡ್ ಸಿಗ್ನಲ್ಲಿಗೆ ಬಂದಿದ್ರೆ ಇದೇ ನಿನಗೆ ಪುಕ್ಕಟೆ ಸಿಗ್ತಿತ್ತಲ್ಲೋ" ಅಂದಳು.

ಈ ಹುಚ್ಚಿಗೆ ಬೇರು ಕ್ಯೋಟೊದಲ್ಲಿದೆ. 2004ರ ಹೊತ್ತಿಗೆ ಕಂಪ್ಯೂಟರಿನಲ್ಲಿ ಕ್ರಿಮ್ಸನ್ ರೂಮ್ ಎಂಬ ಪುಟ್ಟ ಆಟ ಬಂದಿತ್ತು. ಕೆಂಪು ಕೋಣೆಯಲ್ಲಿ ಸಿಕ್ಕಿಬಿದ್ದವರು ಮೌಸ್ ಒತ್ತಿ ಒತ್ತಿ ಬೀಗದ ಕೈ ಹುಡುಕಬೇಕು. ಕ್ಯೋಟೊದಲ್ಲಿ ಸ್ಕ್ರಾಪ್ ಎಂಬ ಪುಕ್ಕಟೆ ಪತ್ರಿಕೆ ನಡೆಸುತ್ತಿದ್ದ ತಕಾವೊ ಕಾಟೊ ಅವರು ಅಂಥದ್ದನ್ನು ನಿಜವಾದ ಕೋಣೆಯಲ್ಲಿ, ನಿಜವಾದ ಜನರನ್ನಿಟ್ಟು 2007ರಲ್ಲಿ ಆಡಿಸಿದರು. ಆಮೇಲೆ ಅದು ಕೋಣೆಯಿಂದ ಸಭಾಂಗಣಕ್ಕೆ, ಸಭಾಂಗಣದಿಂದ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ಬೆಳೆಯಿತು. ಅನಿಮೆಗಳು, ಅಂದರೆ ಜಪಾನಿನ ಕಾರ್ಟೂನು ಚಿತ್ರಗಳು, ಜೊತೆಗೂಡಿದ ಮೇಲಂತೂ ಕೇಳುವುದೇ ಬೇಡ. ಟೋಕಿಯೊದ ಶಿಂಜುಕುವಿನ ಕಬುಕಿಚೋದಲ್ಲಿ 2017ರ ಡಿಸೆಂಬರಿನಿಂದ ಇಂಥ ಆಟಗಳಿಗೆಂದೇ ಒಂದು ಇಡೀ ಕಟ್ಟಡವಿದೆ. ಈಗ ಬೆಂಗಳೂರಿನಲ್ಲೂ ಎಸ್ಕೇಪ್ ರೂಮುಗಳಿವೆ, ಆದರೆ ಅಲ್ಲಿ ಒಂದು ಗುಂಪಿಗೆ ಒಂದು ಕೋಣೆ. ದೊಡ್ಡ ಆಟದ ಸೊಗಸೇ ಬೇರೆ. ಸಾಲು ಸಾಲು ಮೇಜು, ಮೇಜಿಗೆ ಆರು ಕುರ್ಚಿ, ಗೋಡೆ ತುಂಬ ಸುಳಿವಿನ ಕಾಗದ. ಮದುವೆಮನೆಯ ಊಟದ ಹಾಲಿನ ಹಾಗೆ ಕಂಡಿತು, ಎಲೆಯ ಬದಲು ಪ್ರಶ್ನೆಪತ್ರಿಕೆ ಹಾಕಿದ್ದರು ಅಷ್ಟೆ. ತಮಾಷೆಯೆಂದರೆ ಬಾಗಿಲಿಗೆ ಬೀಗವೇ ಇರಲಿಲ್ಲ. ಎದ್ದು ಟಾಯ್ಲೆಟ್ಟಿಗೆ ಹೋಗಿಬಂದವರನ್ನು ನಾನೇ ನೋಡಿದೆ. ಹಾಗೆ ಹೊರಗೆ ಹೋದವರೆಲ್ಲ ಮತ್ತೆ ಒಳಗೆ ಓಡಿಬಂದು, ತಪ್ಪಿಸಿಕೊಳ್ಳುವುದು ಹೇಗೆಂದು ತಲೆ ಕೆರೆದುಕೊಳ್ಳುತ್ತಿದ್ದರು.

ನಮ್ಮ ಮೇಜಿನಲ್ಲಿ ನಾನು, ನನ್ನ ರೂಮಿನವನಾದ ದಾವಣಗೆರೆಯ ಗೆಳೆಯ, ಟೋಕಿಯೊದ ನಿಶಿ-ಕಸಾಯಿಯಲ್ಲಿ ಮನೆ ಮಾಡಿರುವ ಮೈಸೂರಿನ ಗಂಡ ಹೆಂಡತಿ (ನಾವು ಭಾವ, ಅಕ್ಕ ಎಂದೇ ಕರೆಯುವುದು), ಮತ್ತೆ ಆಫೀಸಿನ ಇಬ್ಬರು ಜಪಾನೀಯರು. ಆಟ ಡಿಟೆಕ್ಟಿವ್ ಕೊನಾನ್‌ನದ್ದು. ವಿಷ ಕುಡಿಸಿದ್ದರಿಂದ ಮೈ ಕುಗ್ಗಿ ಮಗುವಾದ ಹೈಸ್ಕೂಲು ಹುಡುಗ, ಶಾಲೆಗೂ ಹೋಗಿಕೊಂಡು ಕೊಲೆಗಳನ್ನೂ ಪತ್ತೆ ಮಾಡುತ್ತಾನೆ. ಅವನ ಮಾಂಗಾ, ಅಂದರೆ ಚಿತ್ರಕಥೆ, ಶುರುವಾದದ್ದು 1994ರಲ್ಲಿ, ಟೀವಿಗೆ ಬಂದದ್ದು 1996ರಲ್ಲಿ, ಹುಡುಗ ಇವತ್ತಿಗೂ ಒಂದನೇ ಕ್ಲಾಸು. ಅಕ್ಕ ಇದನ್ನು ಕೇಳಿ, "ಮೂವತ್ತು ವರ್ಷದಿಂದ ಒಂದನೇ ಕ್ಲಾಸಲ್ಲೇ ಕೂತಿರೋನು ನಮಗೇನು ಹೇಳಿಕೊಡ್ತಾನೆ?" ಅಂದರು. ಜಪಾನಿ ಗೆಳೆಯರಿಗೆ ಇದನ್ನು ಅನುವಾದ ಮಾಡಲಿಲ್ಲ. ಅವರು ಆ ಹುಡುಗನ ಜೊತೆಗೇ ಬೆಳೆದವರು.

ಮೊದಲ ಇಪ್ಪತ್ತು ನಿಮಿಷ ನಾವು ಹುಲಿಗಳು. ಚಿಕ್ಕ ಚಿಕ್ಕ ಒಗಟುಗಳು. ಇಲ್ಲಿ ಅವಕ್ಕೆ ನಝೊ ಅನ್ನುತ್ತಾರೆ. ಅವುಗಳ ಜಾತಿ ಎಂಥದ್ದು ಅನ್ನುವುದಕ್ಕೆ ಜಪಾನಿನ ಮಕ್ಕಳಿಗೆಲ್ಲ ಗೊತ್ತಿರುವ ಒಂದು ಹಳೆಯದನ್ನು ಹೇಳುತ್ತೇನೆ. ಅರ್ಥವಿಲ್ಲದ ಒಂದು ಸಾಲು, ಅದರ ಪಕ್ಕದಲ್ಲಿ ತನುಕಿಯ ಚಿತ್ರ. ತನುಕಿ ಅಂದರೆ ನಾಯಿಯಂತೆಯೂ ನರಿಯಂತೆಯೂ ಕಾಣುವ ಒಂದು ಕಾಡುಪ್ರಾಣಿ. ಹೋಟೆಲುಗಳ ಮುಂದೆ ಡೊಳ್ಳುಹೊಟ್ಟೆಯ ಮಣ್ಣಿನ ಬೊಂಬೆಯಾಗಿ ನಿಂತಿರುತ್ತದಲ್ಲ, ಅದೇ. 'ನುಕಿ' ಅಂದರೆ ತೆಗೆದುಹಾಕುವುದು. ಹಾಗಾಗಿ ತ-ನುಕಿ ಅಂದರೆ ಸಾಲಿನಲ್ಲಿರುವ 'ತ'ಗಳನ್ನೆಲ್ಲ ಕಿತ್ತುಹಾಕಿ ಓದು ಎಂದರ್ಥ. ಇದನ್ನು ಕೇಳಿದಾಗ ನನಗೆ ಊರಿನ ಜಗಲಿಯೇ ನೆನಪಾಯಿತು. ಅಕ್ಷರ ಅಕ್ಷರಕ್ಕೂ 'ಪ' ಸೇರಿಸಿ ದೊಡ್ಡವರಿಗೆ ತಿಳಿಯದ ಹಾಗೆ ಮಾತಾಡುತ್ತಿದ್ದೆವು. ದೊಡ್ಡವರಿಗೆ ಎಲ್ಲ ತಿಳಿಯುತ್ತಿತ್ತು ಅನ್ನುವುದು ಬೇರೆ ಮಾತು.

ಭಾವ ಪ್ರಾಜೆಕ್ಟ್ ಮ್ಯಾನೇಜರು. ಅರ್ಧ ಗಂಟೆ ಪೆನ್ಸಿಲ್ ಮುಟ್ಟದೆಯೇ ಆಡಿದರು. "ಎಲ್ಲಿಗೆ ಬಂತು? ಎಲ್ಲಿಗೆ ಬಂತು?" ಅನ್ನುವುದೇ ಅವರ ಆಟ. ಆಫೀಸಿನ ಜಪಾನಿ ಹುಡುಗಿ ಮಾತ್ರ ತುಟಿ ಬಿಚ್ಚದೆ ಒಂದಾದ ಮೇಲೊಂದು ಉತ್ತರ ತುಂಬುತ್ತಿದ್ದಳು. ಕೊನೆಗೆ ದೊಡ್ಡ ಒಗಟು ಬಂತು, ಅದರ ಹಿಂದೆಯೇ ಸಂಗೀತ ಜೋರಾಯಿತು. ಆ ಸಂಗೀತದ ಮೇಲೆ ನನಗೆ ತಕರಾರಿದೆ. ಕೊನೆಯ ಐದು ನಿಮಿಷದಲ್ಲಿ ತಮಟೆ ಬಡಿದ ಹಾಗೆ ಬಡಿದರೆ ಯಾವ ಮನುಷ್ಯನಿಗೆ ಬುದ್ಧಿ ಓಡೀತು? ಆರು ಜನ ಆರು ಮಾತಾಡಿದೆವು, ಮೂರು ಭಾಷೆಗಳಲ್ಲಿ. ಗಡಿಯಾರ ಸೊನ್ನೆಗೆ ಬಂತು.

ನಮ್ಮಜ್ಜಿ ಹಾಕುತ್ತಿದ್ದ ಒಂದು ಒಗಟಿದೆ: ಹೋಗ್ತಾ ಬರ್ತಾ ಇರೋದು ಎರಡು, ಹೋದ ಮೇಲೆ ಬಾರದೆ ಇರೋದು ಎರಡು. ಸಿರಿತನ ಬಡತನ ಮೊದಲ ಜೋಡಿ, ಮಾನ ಪ್ರಾಣ ಎರಡನೆಯದು. ಆ ಹೊತ್ತಿನಲ್ಲಿ ನಮ್ಮ ಮೇಜಿನಲ್ಲಿ ಪ್ರಾಣ ಒಂದು ಉಳಿದಿತ್ತು.

ಆಮೇಲಿನ ಹದಿನೈದು ನಿಮಿಷಕ್ಕೆ ಇನ್ನೊಮ್ಮೆ ದುಡ್ಡು ಕೊಡಲೂ ನಾನು ತಯಾರು. ಅದೇ ಹುಡುಗಿ ವೇದಿಕೆಯ ಮೇಲೆ ಬಂದು ಉತ್ತರವನ್ನು ಎಳೆ ಎಳೆಯಾಗಿ ಬಿಡಿಸುತ್ತಾಳೆ. ಹಾಲಿನ ತುಂಬ ಒಂದೇ ಸಲಕ್ಕೆ "ಆಆ..." ಎಂಬ ಉದ್ಗಾರ, ಹಣೆ ಚಚ್ಚಿಕೊಳ್ಳುವ ಸದ್ದು. ಬೇಕಾದದ್ದೆಲ್ಲ ಮೊದಲಿನಿಂದ ನಮ್ಮ ಮೇಜಿನ ಮೇಲೇ ಬಿದ್ದಿತ್ತು. ಇನ್ನು ಉಳಿದದ್ದನ್ನು ಆಟ ಶುರುವಾಗುವ ಮುಂಚೆ ಅವಳೇ ನಮ್ಮ ಮುಖಕ್ಕೇ ಹೇಳಿದ್ದಳು. ಗೆದ್ದವರು ಎದ್ದು ನಿಲ್ಲಿ ಅಂದಾಗ ಅಷ್ಟು ದೊಡ್ಡ ಹಾಲಿನಲ್ಲಿ ಎದ್ದದ್ದು ಮೂರೋ ನಾಲ್ಕೋ ಮೇಜು. ಒಂದರಲ್ಲಿ ಒಬ್ಬ ಅಜ್ಜ ಇದ್ದರು, ಮೊಮ್ಮಕ್ಕಳ ನಡುವೆ ಕೈಕಟ್ಟಿ ನಿಂತಿದ್ದರು.

ಅದೇನು ಹೇಳಿದ್ದಳು ಅಂತ ನೀವು ಕೇಳಬಾರದು, ನಾನು ಹೇಳಬಾರದು. ಹೊರಗೆ ಬರುವಾಗ ಎಲ್ಲರಿಂದಲೂ ಮಾತು ತೆಗೆದುಕೊಳ್ಳುತ್ತಾರೆ: ನೆತಾಬಾರೆ ಕೂಡದು, ಅಂದರೆ ಗುಟ್ಟು ಬಿಡಬಾರದು. 'ತನೆ' ಅಂದರೆ ಬೀಜ. ಅದನ್ನು ತಿರುವಿ ಹಾಕಿ 'ನೆತಾ' ಮಾಡಿಕೊಂಡಿದ್ದಾರೆ. ಬೀಜ ಬಯಲಾಗಬಾರದು. ಒಳ್ಳೆಯ ಏರ್ಪಾಡು. ಆದರೆ ಅದರಿಂದಾದ ಫಜೀತಿ ನೋಡಿ. ಆ ಒಂದು ಗಂಟೆಯ ಮಾತನ್ನು ನಾನು ಆಡಬಹುದಾದದ್ದು ಲೋಕದಲ್ಲಿ ಐದೇ ಜನರ ಹತ್ತಿರ.

ಆ ಐದು ಜನರೊಂದಿಗೆ ಮಾತು ಶುರುವಾದದ್ದು ಅವತ್ತೇ ರಾತ್ರಿ, ಒಂದು ಇಝಾಕಾಯಾದಲ್ಲಿ, ಅಂದರೆ ಕುಡಿಯುತ್ತ ತಿನ್ನುತ್ತ ಹರಟುವ ಹೋಟೆಲಿನಲ್ಲಿ. ಬಾಗಿಲಲ್ಲಿ ತನುಕಿ ನಿಂತಿತ್ತು. ಸಸ್ಯಾಹಾರಿಗಳಿಗೆ ಅಲ್ಲಿ ಸಿಕ್ಕಿದ್ದು ಎದಮಾಮೆ, ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾಕಾಯಿ. ಅವರೆಕಾಯಿ ಸುಲಿದು ಪಳಗಿದ ಅಕ್ಕನ ಮುಂದೆ ಸಿಪ್ಪೆಯ ಗುಡ್ಡೆಯೇ ಬಿತ್ತು. ಸುಲಿಯುತ್ತ ಅವರು, "ನಾನು ಆಗ್ಲೇ ಹೇಳಿದ್ದೆ, ಅವಳ ಮಾತಲ್ಲಿ ಏನೋ ಇದೆ ಅಂತ" ಅಂದರು. ದಾವಣಗೆರೆಯವನು ತಟ್ಟೆ ಸರಿಸಿದ. "ಯಕ್ಕಾ, ನೀವಲ್ಲ, ನಾನು. ನಲವತ್ತನೇ ನಿಮಿಷಕ್ಕೆ ಹೇಳೀನಿ. ಯಾರರ ಕೇಳಿದ್ರೇನು?" ಭಾವ ತಾವು ಅದನ್ನು ಆರಂಭದಲ್ಲೇ ಗಮನಿಸಿದ್ದಾಗಿಯೂ, ಟೀಮು ತಾನಾಗಿ ಕಂಡುಕೊಳ್ಳಲಿ ಎಂದು ಸುಮ್ಮನಿದ್ದುದಾಗಿಯೂ ತಿಳಿಸಿದರು. ಜಪಾನಿ ಹುಡುಗಿ ಚೀಲದಿಂದ ಮಡಚಿದ ಒಂದು ಕಾಗದ ತೆಗೆದಳು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಸರಿಯುತ್ತರ ಬರೆದಿತ್ತು, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. "ಮತ್ತೆ ಹೇಳಲಿಲ್ಲ ಯಾಕೆ?" ಅಂದರೆ, "ನೀವೆಲ್ಲ ಮಾತಾಡುತ್ತಿದ್ದಿರಿ" ಅಂದಳು.

ದಾವಣಗೆರೆಯವನು ಈಗ ಊರಿಗೆ ವಾಪಸಾಗಿದ್ದಾನೆ. ವರ್ಷಕ್ಕೆರಡು ಸಲ ಫೋನಾದರೆ ಹೆಚ್ಚು. ಹೋದ ವಾರ ರಾತ್ರಿ, ಇದ್ದಕ್ಕಿದ್ದ ಹಾಗೆ, ಅವನಿಂದ ವಾಟ್ಸಾಪಿನಲ್ಲಿ ಡೊಳ್ಳುಹೊಟ್ಟೆಯ ತನುಕಿಯ ಒಂದು ಚಿತ್ರ ಬಂತು. ಕೆಳಗೆ ಒಂದು ಸಾಲು:

ತನಾನೇತ ಹೇತಳಿತದ್ದು

ಶುದ್ಧ ಸುಳ್ಳು. ನಾನು.