ಖಾಲಿ ಬಾಟಲಿಗಳ ಜತೆ ಯುರೋಪ್

ಜರ್ಮನಿಯ ಒಂದು ವೃದ್ಧಾಶ್ರಮದಲ್ಲಿ ವರ್ಷ ಪೂರ್ತಿ ಸ್ವಯಂಸೇವಕಿಯಾಗಿದ್ದೆ. ಮುಗಿಯುವ ಹೊತ್ತಿಗೆ ಕೈಗೊಂದು ಫಾರಂ ಬಂತು. ‘ಈ ವರ್ಷ ನಿಮಗೆ ಏನು ಕಲಿಸಿತು?’ ಎಂಬ ಪ್ರಶ್ನೆ, ಕೆಳಗೆ ಅರ್ಧ ಪುಟ ಖಾಲಿ ಜಾಗ.

ಈ ಪ್ರಶ್ನೆ ಕಂಡರೆ ನನಗೆ ಮೈ ಉರಿಯುತ್ತದೆ. ಅಲ್ಲಿ ನನ್ನ ವಯಸ್ಸಿನ ಸ್ವಯಂಸೇವಕರು ವರ್ಷಕ್ಕೆ 25 ದಿನ ಸೆಮಿನಾರಿನಲ್ಲಿ ಕೂರಲೇಬೇಕು, ಕಾನೂನೇ ಹಾಗಿದೆ. ಕುರ್ಚಿಗಳನ್ನು ಗುಂಡಗೆ ಹಾಕಿ, ಕೈಗೊಂದು ಬಣ್ಣದ ಕಾರ್ಡು ಕೊಟ್ಟು, ಮನಸ್ಸಿಗೆ ಏನನ್ನಿಸಿತೋ ಬರೆಯಿರಿ ಅನ್ನುತ್ತಾರೆ. ನನಗೆ ಬಹಳ ಸಲ ಅನ್ನಿಸಿದ್ದು ಹಸಿವು. ಅದನ್ನು ಬರೆಯುವ ಬಣ್ಣದ ಕಾರ್ಡು ಅವರ ಹತ್ತಿರ ಇರಲಿಲ್ಲ. ಇರಲಿ, ಊರಿನಿಂದ ಅಪ್ಪ, ಅಮ್ಮ, ದೊಡ್ಡಮ್ಮ ಬರುತ್ತಿದ್ದಾರೆ, ನಾಲ್ಕೂ ಜನ ಯುರೋಪ್ ಸುತ್ತುವಾಗ ಏನಾದರೂ ಹೊಳೆದೀತು ಅಂತ ಫಾರಂ ಮಡಚಿ ಬ್ಯಾಗಿಗೆ ಸೇರಿಸಿದೆ.

ಮ್ಯೂನಿಕ್‌ನಲ್ಲಿ ಇಳಿದ ದೊಡ್ಡಮ್ಮ ಮೊದಲು ಕೇಳಿದ್ದೇ ಸಂಬಳದ ವಿಚಾರ. “ಸಂಬಳ ಇಲ್ದೆ ಒಂದು ವರ್ಷ ಚಾಕರಿ ಮಾಡಿದ್ಯೇನೇ?” ಜೇಬು ಖರ್ಚು, ರೂಮು, ಇನ್ಶೂರೆನ್ಸ್ ಎಲ್ಲಾ ಕೊಡುತ್ತಾರೆ ಅಂದೆ. ಜರ್ಮನಿಯಲ್ಲಿ 2011ರವರೆಗೆ ಹುಡುಗರಿಗೆ ಮಿಲಿಟರಿ ಸೇವೆ ಕಡ್ಡಾಯವಾಗಿತ್ತು, ಬಂದೂಕು ಹಿಡಿಯಲ್ಲ ಅಂದವರು ಅದರ ಬದಲು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದರು, ಅದು ನಿಂತಾಗ ಆ ಜಾಗ ತುಂಬಲು ಈ ಯೋಜನೆ ಬಂತು ಅಂತ ವಿವರಿಸಿದೆ. ದೊಡ್ಡಮ್ಮ ಎಲ್ಲಾ ಕೇಳಿಸಿಕೊಂಡು ಅಮ್ಮನ ಕಡೆ ತಿರುಗಿದರು. “ಮಿಲಿಟರಿ ಬೇಡ ಅಂದೋರ ಕೆಲಸವಂತೆ ಕಣೆ.” ಅಲ್ಲಿಗೆ ನನ್ನ ಒಂದು ವರ್ಷದ ಸೇವೆಯ ಮಾತು ಮುಗಿಯಿತು. ಆಮೇಲೆ ಪ್ರವಾಸ ಪೂರ್ತಿ ಯಾರೂ ಅದರ ಸುದ್ದಿ ಎತ್ತಲಿಲ್ಲ.

ಬಾಟಲಿಯ ಕಥೆ ಶುರುವಾಗಿದ್ದೂ ಅವತ್ತೇ. ಸ್ಟೇಷನ್ನಿನಲ್ಲಿ ಅಮ್ಮನಿಗೆ ಬಾಯಾರಿತು, ನೀರು ತಂದೆ. ಒಂದು ಗುಟುಕು ಕುಡಿದು ಮುಖ ಕಿವುಚಿದಳು. “ಇದು ಸೋಡಾ ಅಲ್ವಾ?” ದೊಡ್ಡಮ್ಮ ಬಾಟಲಿ ಕಿತ್ತುಕೊಂಡು ಗಟಗಟ ಕುಡಿದು, ಹೊಟ್ಟೆ ಹಗುರವಾಯಿತು, ಇನ್ನು ಮೇಲೆ ನನಗೆ ಇದೇ ಇರಲಿ ಅಂದರು. ಅಪ್ಪ ಮಾತ್ರ ಬಿಲ್ಲು ಓದುತ್ತಿದ್ದರು. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು, ಬಿಲ್ಲು ಓದದೆ ಊಟವನ್ನೂ ಮಾಡುವುದಿಲ್ಲ. “ನೀರಿನ ದುಡ್ಡಿನ ಕೆಳಗೆ ಇನ್ನೊಂದು 25 ಸೆಂಟ್ ಇದೆಯಲ್ಲ, ಏನಿದು?” ಬಾಟಲಿಯ ಠೇವಣಿ ಅಪ್ಪಾ, ಖಾಲಿ ಬಾಟಲಿ ಅಂಗಡಿಯ ಮಷಿನ್ನಿಗೆ ಹಾಕಿದರೆ ವಾಪಸ್ ಬರುತ್ತೆ ಅಂದೆ. ಅಪ್ಪ ಮೊಬೈಲಿನಲ್ಲಿ ರೂಪಾಯಿಗೆ ಲೆಕ್ಕ ಹಾಕಿದರು. ಖಾಲಿ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಮಷಿನ್ ತೋರಿಸಬಾರದಿತ್ತು ಅಂತ ನಾನು ಹೇಳುವುದಿಲ್ಲ. ನಾನು ತೋರಿಸದಿದ್ದರೆ ಅವರೇ ಹುಡುಕುತ್ತಿದ್ದರು. ಗೋಡೆಯಲ್ಲಿ ಒಂದು ದುಂಡನೆ ಬಾಯಿ. ಬಾಟಲಿ ಇಟ್ಟರೆ ಒಳಗೆ ತಿರುಗಿಸಿ, ಬಾರ್‌ಕೋಡ್ ಓದಿ, ನುಂಗಿಕೊಳ್ಳುತ್ತದೆ. ಕೊನೆಗೆ ಗುಂಡಿ ಒತ್ತಿದರೆ ಚೀಟಿ. ಆ ಚೀಟಿ ಕೌಂಟರಿಗೆ ಕೊಟ್ಟರೆ ದುಡ್ಡು. ನಜ್ಜುಗುಜ್ಜಾದ ಬಾಟಲಿಯ ಬಾರ್‌ಕೋಡ್ ಓದಲಾಗದಿದ್ದರೆ ವಾಪಸ್ ಉಗುಳುತ್ತದೆ. ಇಷ್ಟು ಗೊತ್ತಾದ ಮೇಲೆ ನಮ್ಮ ಬ್ಯಾಗುಗಳಲ್ಲಿ ಜಾಗ ಮರು ಹಂಚಿಕೆಯಾಯಿತು. ಅಮ್ಮ ಊರಿನಿಂದ ತಂದ ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ ಡಬ್ಬಗಳು ನನ್ನ ಬೆನ್ನಿಗೆ ಬಂದವು. ಅಪ್ಪನ ಬ್ಯಾಗಿನಲ್ಲಿ ಬಾಟಲಿಗಳು, ಒಂದೂ ನಜ್ಜಾಗದ ಹಾಗೆ ಸ್ವೆಟರಿನಲ್ಲಿ ಸುತ್ತಿ. ಮ್ಯೂನಿಕ್ ಇರುವ ಬವೇರಿಯ ರಾಜ್ಯದಲ್ಲಿ ಮೈಗೆ ಚಳಿಯಾದರೂ ಸ್ವೆಟರ್ ಹೊರಗೆ ಬರಲಿಲ್ಲ.

ಜರ್ಮನಿಯ ಊರುಗಳಲ್ಲಿ ಜನ ಬಾಟಲಿಯನ್ನು ಕಸದ ಡಬ್ಬದ ಒಳಗೆ ಹಾಕದೆ ಪಕ್ಕದಲ್ಲಿ ಇಟ್ಟು ಹೋಗುವುದುಂಟು. ಅದನ್ನು ಆಯ್ದು ಬದುಕುವವರು ಡಬ್ಬಕ್ಕೆ ಕೈ ಹಾಕುವಂತಾಗಬಾರದು ಅಂತ. ಪೆನ್ಷನ್ ಸಾಲದ ಮುದುಕರು, ಮನೆ ಇಲ್ಲದವರು ಬರುತ್ತಾರೆ. ಇದನ್ನೆಲ್ಲ ನಾನು ಸ್ವಲ್ಪ ಹೆಮ್ಮೆಯಿಂದಲೇ ಅಪ್ಪನಿಗೆ ಹೇಳುತ್ತಾ ನಡೆಯುತ್ತಿದ್ದೆ. ತಿರುಗಿ ನೋಡಿದರೆ ಅಪ್ಪ ಪಕ್ಕದಲ್ಲಿಲ್ಲ. ಹಿಂದಿನ ಡಬ್ಬದ ಹತ್ತಿರ ಬಗ್ಗಿದ್ದಾರೆ. ಆ ಕಡೆಯಿಂದ ಟಾರ್ಚ್ ಹಿಡಿದ ಒಬ್ಬ ಮುದುಕ ಬರುತ್ತಿದ್ದಾನೆ. “ಅಪ್ಪಾ, ಬಿಡಿ! ಅದು ಪೆನ್ಷನ್ ಸಾಲದವರಿಗೆ!” ಅಪ್ಪ ಬಾಟಲಿ ಬಿಡದೆ ತಲೆ ಎತ್ತಿದರು. “ನಾನೂ ಪೆನ್ಷನ್‌ದಾರನೇ. ನನಗೂ ಸಾಲಲ್ಲ.”

ಮುದುಕ ನಕ್ಕು ಟೋಪಿ ಮುಟ್ಟಿಕೊಂಡು ಮುಂದಿನ ಡಬ್ಬಕ್ಕೆ ಹೋದ. ಅಪ್ಪ ಅದೇನನ್ನಿಸಿತೋ, ಹಿಂದೆಯೇ ಹೋಗಿ ಬಾಟಲಿ ಅವನ ಚೀಲಕ್ಕೆ ಹಾಕಿ ಬಂದರು. ಸದ್ಯ ಅಂದುಕೊಂಡೆ. ಅಪ್ಪ ಬಂದು, “ಆ ಬಾಟಲಿಗೆ ಬಾರ್‌ಕೋಡ್ ಹರಿದುಹೋಗಿತ್ತು” ಅಂದರು.

ಆಸ್ಟ್ರಿಯದ ಸಾಲ್ಸ್‌ಬರ್ಗಿಗೆ ಹೊರಟೆವು. ಬವೇರಿಯ ಟಿಕೆಟ್ ಅಂತ ಒಂದಿದೆ, ಐದು ಜನರವರೆಗೆ ಒಟ್ಟಿಗೆ ಒಂದೇ ಟಿಕೆಟಿನಲ್ಲಿ ಲೋಕಲ್ ರೈಲುಗಳಲ್ಲಿ ದಿನವಿಡೀ ಓಡಾಡಬಹುದು, ಗಡಿಯಾಚೆಯ ಸಾಲ್ಸ್‌ಬರ್ಗಿನವರೆಗೂ ನಡೆಯುತ್ತದೆ. ವಾರದ ದಿನಗಳಲ್ಲಿ ಮಾತ್ರ ಬೆಳಿಗ್ಗೆ 9 ಗಂಟೆ ಆಗಬೇಕು. ಪ್ಲಾಟ್‌ಫಾರಂ ಯಾವುದು ಅಂತ ಅಪ್ಪ ಮತ್ತೆ ಮತ್ತೆ ಕೇಳಿದರು, ನಾನು ಸಿಡುಕಿದೆ. ಆಗ ಅಮ್ಮ, “ಅಲ್ಲಿ ಯಾರ್ಯಾರದೋ ಅಜ್ಜ ಅಜ್ಜಿಯರಿಗೆ ಅಷ್ಟು ತಾಳ್ಮೆಯಿಂದ ಊಟ ಮಾಡಿಸ್ತಿದ್ದೆ ಅಂತಿದ್ದೆಯಲ್ಲ” ಅಂದಳು. ಹೌದು, ಮಾಡಿಸುತ್ತಿದ್ದೆ. ‘ಇವತ್ತು ಯಾವ ವಾರ?’ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ಕೇಳುವ ಅಜ್ಜಿಗೆ ಪ್ರತಿ ಸಲವೂ ಹೊಸದಾಗಿ ಉತ್ತರ ಹೇಳುತ್ತಿದ್ದೆ. ಆದರೆ ಅಲ್ಲಿ ಪಾಳಿ ಅಂತ ಒಂದಿತ್ತು. ಮುಗಿದ ಮೇಲೆ ಸೈಕಲ್ ಹತ್ತಿ ರೂಮಿಗೆ ಹೋಗಬಹುದಿತ್ತು. ಅಪ್ಪ ಅಮ್ಮನ ಜತೆ ಪ್ರವಾಸಕ್ಕೆ ಪಾಳಿ ಎಲ್ಲಿದೆ? ರಾತ್ರಿಯೂ ಅದೇ ರೂಮು, ಅದೇ ಗೊರಕೆ. ಬಂಧುಗಳ ಜತೆ ಯುರೋಪ್ ನೋಡಿ ಬಂದವರು ಹಾಕುವ ಫೋಟೋಗಳಲ್ಲಿ ಎಲ್ಲರೂ ಹಲ್ಲು ಬಿಟ್ಟಿರುತ್ತಾರೆ. ಫೋಟೋ ತೆಗೆಯುವ ಎರಡು ನಿಮಿಷ ಮುಂಚೆ ಆ ಮನೆಯವರು ಏನು ಮಾತಾಡಿಕೊಂಡರು ಅಂತ ಯಾರಾದರೂ ಬರೆಯಬೇಕು.

ಸಾಲ್ಸ್‌ಬರ್ಗ್ ಸಂಗೀತಗಾರ ಮೊಜಾರ್ಟ್ ಹುಟ್ಟಿದ ಊರು. ಹಳದಿ ಬಣ್ಣದ ಆ ಮನೆಯನ್ನು ಹೊರಗಿನಿಂದ ನೋಡಿದೆವು. ನಮ್ಮ ಮುಕ್ಕಾಲು ಮಧ್ಯಾಹ್ನ ಕಳೆದದ್ದು ಅಲ್ಲಿಯ ಒಂದು ಸೂಪರ್‌ಮಾರ್ಕೆಟ್ಟಿನಲ್ಲಿ. ಆಸ್ಟ್ರಿಯದಲ್ಲೂ 2025ರ ಜನವರಿಯಿಂದ ಬಾಟಲಿಗೆ ಠೇವಣಿ ಬಂದಿದೆ, ಅಲ್ಲೂ 25 ಸೆಂಟೇ. ಅಪ್ಪ ಜರ್ಮನಿಯ ಬಾಟಲಿಗಳನ್ನು ಒಂದೊಂದಾಗಿ ಸ್ವೆಟರಿನಿಂದ ಬಿಚ್ಚಿ ಮಷಿನ್ನಿಗೆ ಇಟ್ಟರು. ಅದು ಒಂದೊಂದಾಗಿ ವಾಪಸ್ ಉಗುಳಿತು. ದೇಶ ಬೇರೆ, ಬಾಟಲಿಯ ಮೇಲಿನ ಗುರುತು ಬೇರೆ, ತೆಗೆದುಕೊಳ್ಳಲ್ಲ ಅಪ್ಪಾ ಅಂದೆ. ಅಪ್ಪನಿಗೆ ನಿಜವಾಗಿಯೂ ಕೋಪ ಬಂತು. “ದುಡ್ಡು ಒಂದೇ, ರೇಟು ಒಂದೇ, ವೀಸಾ ಒಂದೇ. ನನ್ನನ್ನ ಒಳಗೆ ಬಿಟ್ರು, ಬಾಟಲಿಗೇನು ರೋಗ?” ಯುರೋಪಿನ ಒಕ್ಕೂಟದ ಬಗ್ಗೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ನಾನಂತೂ ಕೇಳಿಲ್ಲ. ಹಿಂದೆ ಸಾಲಿನಲ್ಲಿ ನಿಂತವರು ಗಂಟಲು ಸರಿಮಾಡಿಕೊಂಡರು. ದೊಡ್ಡಮ್ಮ ಅಷ್ಟರಲ್ಲಿ ಎರಡು ಆಸ್ಟ್ರಿಯದ ಸೋಡಾ ಕೊಂಡಿದ್ದರು.

ವಾಪಸ್ ಬರುವಾಗ ಗಡಿಯ ಫ್ರೈಲಾಸಿಂಗ್ ಸ್ಟೇಷನ್ನಿನಲ್ಲಿ ಪೊಲೀಸರು ರೈಲು ಹತ್ತಿ ಪಾಸ್‌ಪೋರ್ಟ್ ನೋಡಿದರು. ಅಪ್ಪ ಪಾಸ್‌ಪೋರ್ಟಿಗೆ ಬ್ಯಾಗಿನ ತಳಕ್ಕೆ ಕೈ ಹಾಕಿದ್ದೇ ತಡ, ಲಟಲಟ ಸದ್ದು. ಪೊಲೀಸ್ ಹುಡುಗಿ ಬಗ್ಗಿ ನೋಡಿದಳು. ಸ್ವೆಟರು, ಎರಡು ದೇಶದ ಖಾಲಿ ಬಾಟಲಿಗಳು. ಏನೂ ಕೇಳದೆ ಮುಂದಿನ ಸೀಟಿಗೆ ಹೋದಳು. ಇಂಥದ್ದಕ್ಕೆ ಅವರ ತರಬೇತಿಯಲ್ಲಿ ಪಾಠ ಇರಲಾರದು.

ಪ್ಯಾರಿಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಲ್ಲರೂ ಬರೆದಿದ್ದಾರೆ. ಫ್ರಾನ್ಸಿನಲ್ಲಿ ಪ್ಲಾಸ್ಟಿಕ್ ಬಾಟಲಿಗೆ ಠೇವಣಿಯೇ ಇಲ್ಲ. ಮೇಲಾಗಿ ಬಾಂಬ್ ಭಯದಿಂದ ಅಲ್ಲಿ ಬೀದಿಯ ಕಸಕ್ಕೆ ಎಷ್ಟೋ ಕಡೆ ಡಬ್ಬ ಇಡದೆ, ಕಂಬಿಗೆ ಪಾರದರ್ಶಕ ಚೀಲ ನೇತುಹಾಕಿರುತ್ತಾರೆ. ಒಳಗಿರುವ ಬಾಟಲಿಗಳೆಲ್ಲ ಹೊರಗೆ ಕಾಣುತ್ತವೆ. 1889ರಲ್ಲಿ ಕಟ್ಟಿ ಮುಗಿಸಿದ ಐಫೆಲ್ ಗೋಪುರದ ಕೆಳಗೆ ನಿಂತು ಅಪ್ಪ ಆ ಚೀಲಗಳನ್ನೇ ನೋಡಿ ನಿಟ್ಟುಸಿರು ಬಿಟ್ಟರು. ಹೋಟೆಲಿನಲ್ಲಿ ನಲ್ಲಿ ನೀರಿನ ಹೂಜಿ ಪುಕ್ಕಟೆ ಕೊಟ್ಟಿದ್ದೂ ಅವರಿಗೆ ಸಮಾಧಾನವಾಗಲಿಲ್ಲ. ಅಮ್ಮನಿಗೆ ಮಾತ್ರ ಪ್ಯಾರಿಸ್ ಬಹಳ ಹಿಡಿಸಿತು. ಸೋಡಾ ಅಲ್ಲದ ನೀರು ಕೇಳಿದರೆ ಸಾಕು, ಟೇಬಲ್ಲಿಗೆ ಬರುತ್ತದಲ್ಲ.

ನಡುವೆ ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ ಫಾರಂ ತೆಗೆದು ಕೂತೆ. ಪೆನ್ನು ಹಿಡಿದಿದ್ದೆ. ದೊಡ್ಡಮ್ಮ ಎದ್ದು, “ಲೈಟ್ ಆರಿಸೇ, ನಾಳೆ ಬೇಗ ಏಳ್ಬೇಕು” ಅಂದರು. ಆರಿಸಿದೆ.

ಅವರನ್ನು ಫ್ರಾಂಕ್‌ಫರ್ಟಿನಲ್ಲಿ ವಿಮಾನ ಹತ್ತಿಸುವ ಮುಂಚೆ ಅಪ್ಪ ಉಳಿದ ಜರ್ಮನಿಯ ಬಾಟಲಿಗಳನ್ನೆಲ್ಲ ಒಂದು ಅಂಗಡಿಯಲ್ಲಿ ಹಾಕಿ ಬಂದರು. ಚೀಟಿ ಬಂತು. ಆದರೆ ಕೌಂಟರಿನ ಸಾಲು ಉದ್ದ, ವಿಮಾನಕ್ಕೆ ಹೊತ್ತಾಗಿತ್ತು, ನಾನು ತೋಳು ಹಿಡಿದು ಎಳೆದುಕೊಂಡು ಹೋದೆ. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಸೆಕ್ಯುರಿಟಿಯ ಹತ್ತಿರ ಚೀಟಿಯನ್ನು ಪಾಸ್‌ಪೋರ್ಟಿನ ಒಳಗೆ ಇಟ್ಟುಕೊಳ್ಳುತ್ತಾ ಕೇಳಿದರು.

“ಇದು ಎಷ್ಟು ದಿನ ನಡೆಯುತ್ತೆ?”

“ಮೂರು ವರ್ಷ ಅಂತಾರೆ ಅಪ್ಪಾ.”

“ಹಾಗಾದ್ರೆ ಟೈಮಿದೆ,” ಅಂದರು. “ಮುಂದಿನ ಸಲ ನಿಮ್ಮ ಚಿಕ್ಕಪ್ಪನನ್ನೂ ಕರ್ಕೊಂಡು ಬರ್ತೀನಿ. ಬವೇರಿಯ ಟಿಕೆಟ್ಟಿನಲ್ಲಿ ಐದನೇ ಸೀಟು ದಂಡವಾಯ್ತು.”